ನಮ್ಮತ್ತಿ ಸುಣ್ಣದಾಗ ಕಟ್ಟಿದ ಮನಿ

ಸ್ವಂತ ಮನಿ ಇದ್ದವರಿಗೆ ಇಂಥಾ ಫಜೀತಿಗಳು ಆಗೂದಿಲ್ಲ ನೋಡ್ರಿ. ಕಿರಾಯಿ ಮನಿಯಾಗ ಕುಂತು ಸ್ವಂತ ಮನಿ, ಸ್ವಂತ ಮನಿ ಅಂತ ಹಲುಬೋರಿಗೆ ಮಾತ್ರ ವಾರಕ್ಕೊಂದು ಆಗೇ ಆಗ್ತಾವ.

ಎಂಬತ್ತರ ದಶಕದ ಕಡೀಕ ನಾವು ಕಲಬುರ್ಗಿಯ ಖೂಬಾ ಪ್ಲಾಟ್ ಅನ್ನೋ ಬಡಾವಣಿಯಾಗ ಕಿರಾಯಿಗಿದ್ವಿ. ನಾನು, ನಮ್ಮನಿಯವರು, ನಮ್ಮತ್ತಿ. ನಮ್ಮನಿಯವರು ಸರಕಾರಿ ಗುಮಾಸ್ತರು. ನಾನು ಕಮಲಾಪುರದ ಸಾಲಿಯೊಳಗ ಟೀಚರ್. ಮುಂಜಾನಿ ಬಸ್ ಹತ್ತಿ ಹೋದ್ರ ಸಂಜಿಗೇ ಮನಿ. ನಮ್ಮತ್ತಿ ಲಗ್ನ ಆಗಿ ಬಂದಾಗಿಂದ ಮಂದಿ ಮನಿಯೊಳಗೇ ಸಂಸಾರ ಮಾಡ್ದಾಕಿ. "ಸಾಯೂದ್ರಾಗ ಒಮ್ಮೆ ನಂದು ಅನ್ನೋ ಹೊಸ್ತಿಲ ತೊಳೀಬೇಕು ನೋಡವಾ" ಅಂತಿದ್ರು.

ಮೊಳಿ ಹೊಡೀಬ್ಯಾಡ್ರಿ

ನಮ್ಮ ಮನಿ ಮಾಲಕರು ಮ್ಯಾಲಿನ ಮಾಳಿಗಿಯೊಳಗ ಇದ್ರು. ಅವರದು ಒಂದೇ ಷರತ್ತು. "ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ. ನಮ್ಮಪ್ಪ ಕಟ್ಟಿಸಿದ ಗ್ವಾಡಿ. ಮೊಳಿ ಹೊಡದ್ರ ನನ್ನ ಎದಿಗೇ ಹೊಡದಂಗ ಆಗ್ತದ."

ನಮ್ಮ ಲಗ್ನದಾಗ ಬಂದ ದೊಡ್ಡ ಗಡಿಯಾರ ಒಂದಿತ್ತು, ಗಂಟಿ ಹೊಡಿಯೂದು. ಎಲ್ಲಿ ತೂಗಬೇಕು? ಖುರ್ಚಿ ಮ್ಯಾಲೆ ಅಂಗಾತ ಮಲಗಿಸಿ, ಧೂಳು ಬೀಳಬಾರದಂತ ಟಾವೆಲ್ ಮುಚ್ಚಿದ್ವಿ. ಒಂದು ದಿನ ಅತ್ತಿ ಕಡಿ ಹಿರೇರೊಬ್ಬರು ಬಿಸಲಾಗ ಬಂದ್ರು. "ಉಸ್ಸಪ್ಪಾ" ಅಂತ ಸೀದಾ ಅದೇ ಖುರ್ಚಿ ಮ್ಯಾಲೆ ಕುಂತುಬಿಟ್ರು. ಕುಂತ ಘಳಿಗಿಗೇ ಕೆಳಗಿಂದ ಟಣ್, ಟಣ್ ಶುರು ಆತು. ಪಾಪ, ಹಿರೇರು ಧೋತರ ಹಿಡಕೊಂಡು ಜಿಗದ್ರು.

ಒಳಗಿಂದ ನಮ್ಮತ್ತಿ ಅಂದ್ರು, "ಕುಂದರ್ರಿ, ಗಾಬರಿ ಆಗಬ್ಯಾಡ್ರಿ. ಹನ್ನೆರಡು ಹೊಡದು ತಾನ ಸುಮ್ನಾಗ್ತದ!"

ಸಿಟ್ಟಿನ ಮೂಲಿ

ಕಮಲಾಪುರದ ಸಾಲಿಯೊಳಗ ಒಮ್ಮೆ ಹುಡುಗ್ಯಾರಿಗೆ ಕೇಳ್ದೆ, "ನಿಮಗ ಎಂಥಾ ಮನಿ ಬೇಕು, ಒಬ್ಬೊಬ್ಬರೇ ಎದ್ದು ಹೇಳ್ರಿ." ಒಬ್ಬಾಕಿ ಮನಿ ಸುತ್ತ ಕೆಂಪು ಬಾಳಿಗಿಡ ಬೇಕಂದ್ಲು, ಇನ್ನೊಬ್ಬಾಕಿ ಒಳಗೇ ನಳ ಬೇಕಂದ್ಲು. ಹಿಂದಿನ ಸಾಲಿನ ಒಬ್ಬಾಕಿ ಮಾತ್ರ ತಲಿ ತಗ್ಗಿಸಿ, "ಟೀಚರ್, ನನಗೊಂದು ಮೂಲಿ ಬೇಕ್ರಿ, ಸಿಟ್ಟು ಮಾಡಿ ಕುಂದರಾಕ" ಅಂದ್ಲು. "ನಾ ಸಿಟ್ಟು ಮಾಡಿ ಎಲ್ಲಿ ಕುಂತ್ರೂ ಅವ್ವ ಬಂದು ಏಳ, ಕಸಾ ಹೊಡೀಬೇಕು ಅಂತಾಳ್ರಿ. ಸಿಟ್ಟೇ ಹೋಗಿಬಿಡ್ತದ್ರಿ."

ಎಲ್ಲಾರೂ ನಕ್ರು, ನಾನೂ ನಕ್ಕೆ. ಖರೇ ಹೇಳ್ತೀನಿ, ಬಸ್ಸಿನ್ಯಾಗ ಬರೋವಾಗ ಕಣ್ಣಾಗ ನೀರು ಬಂತು. ಎರಡು ಖೋಲಿ ಮನಿಯಾಗ ನನಗರ ಅಂಥಾ ಮೂಲಿ ಎಲ್ಲಿತ್ತು? ಮನಿಗೆ ಬಂದು ನಮ್ಮನಿಯವರಿಗೆ ಹೇಳ್ದೆ, "ನಮ್ಮ ಮನಿ ಕಟ್ಟಿದ್ರ ನನಗೂ ಒಂದು ಸಿಟ್ಟಿನ ಮೂಲಿ ಬೇಕ್ರೀ."

ಅವರು ಪೇಪರಿನಿಂದ ತಲಿ ಎತ್ತಲಿಲ್ಲ. "ನಿನಗ ಮೂಲಿ ಎಲ್ಲಿ ಸಾಲ್ತದ? ಹಾಲೇ ಬೇಕು."

ಪಕ್ಕದವರ ಪ್ಲಾಟಿನ್ಯಾಗ ಒಲಿ

ಅಂತೂ ಊರ ಹೊರಗ ಶರಣಸಿರಸಗಿ ಕಡಿ ಒಂದು ಪ್ಲಾಟ್ ಹಿಡದ್ವಿ. ಗೌಂಡಿ ಬಂದು ಹಗ್ಗ ಹಿಡದು ಅಳದು, ನೆಲದ ಮ್ಯಾಲೆ ಸುಣ್ಣದ ಗೆರಿ ಹಾಕ್ದ. ಇದು ಹಾಲ್, ಇದು ಅಡಗಿಮನಿ, ಇದು ದೇವರ ಖೋಲಿ. ಅಷ್ಟಾಗೂದ್ರಾಗ ಲೇಔಟಿಗೆ ಪರವಾನಗಿ ಸಿಕ್ಕಿಲ್ಲ ಅಂತ ಕೆಲಸ ನಿಂತುಬಿಡ್ತು.

ನಮ್ಮತ್ತಿ ನಿಲ್ಲಲಿಲ್ಲ. ಪ್ರತಿ ರವಿವಾರ ಬುತ್ತಿ ಕಟ್ಟಿಸಿ, ಡಬ್ಬಿಯೊಳಗ ಸುಣ್ಣದ ಪುಡಿ ತುಂಬ್ಕೊಂಡು ನಮ್ಮನ್ನ ಹೊರಡಸ್ತಿದ್ರು. ಗಾಳಿಗೆ ಅಳಿಸಿದ ಗೆರಿ ಮತ್ತ ತಿದ್ದೂದು. ತಿದ್ದಿದಾಗೊಮ್ಮೆ ಅಡಗಿಮನಿ ಒಂದೀಟು ದೊಡ್ಡದಾಗ್ತಿತ್ತು. "ಮಡೀಲೆ ಅಡ್ಡಾಡಾಕ ಜಾಗಾ ಬ್ಯಾಡೇನವಾ?" ಅಂತಿದ್ರು.

ಪಕ್ಕದ ಪ್ಲಾಟ್ ಕಾಳಿನ ವ್ಯಾಪಾರ ಮಾಡೋ ಸಾಹುಕಾರರದು. ಒಂದು ರವಿವಾರ ಅವರು ಬಂದು, ಗೆರಿ ನೋಡಿ, ಕೈ ಮುಗದು, "ಅಮ್ಮಾರ, ನಿಮ್ಮ ಒಲಿ ನಮ್ಮ ಪಡಸಾಲಿಯಾಗ ಬಂದದಲ್ರೀ!" ಅಂದ್ರು.

ನಮ್ಮತ್ತಿ ಅವರ ಕಾಲು ನೋಡಿ ಚೀರಿದ್ರು, "ಅದು ಆಮ್ಯಾಲೆ ಮಾತಾಡೂಣ್ರೀ ಸಾಹುಕಾರ್ರ, ಮೊದಲ ಅಡಗಿಮನಿಯಿಂದ ಚಪ್ಲಿ ತಗೀರಿ!"

ಸಾಹುಕಾರರು ತಮ್ಮದೇ ಜಾಗಾದಾಗ ಚಪ್ಲಿ ಕಳದು ಕೈಯಾಗ ಹಿಡಕೊಂಡು ನಿಂತ್ರು.

ಮಳಿ ಬಂದ ರವಿವಾರ

ಒಂದು ದಿನ ನಮ್ಮನಿಯವರು ಕಚೇರಿಯಿಂದ ಬಂದವರೇ ಸಪ್ಪಗ ಕುಂತ್ರು. "ಪರವಾನಗಿ ಇನ್ನ ಸಿಗೂದಿಲ್ಲಂತ. ಅಲ್ಲಿ ಮನಿ ಏಳೂದಿಲ್ಲ. ಅವ್ವಗ ಹೆಂಗ ಹೇಳೂದು?" ಇಬ್ಬರೂ ಕೂಡಿ ಠರಾಯಿಸಿದ್ವಿ, ರವಿವಾರ ಅಲ್ಲೇ, ಉಂಡಮ್ಯಾಲೆ, ಸಮಾಧಾನ ಮಾಡಿ ಹೇಳೂದು.

ಆ ರವಿವಾರ ಹಾಲ್ ಅಂತ ಹಾಕಿದ ಗೆರಿಯೊಳಗ ಕುಂತು ಧಪಾಟಿ, ಮಸರು ಉಂಡ್ವಿ. ಅತ್ತಿ ಭಾಳ ಖುಷಿಯೊಳಗ ಇದ್ರು. "ಈ ಕಿಟಕಿಯಿಂದ ಗಾಳಿ ಛಲೋ ಬರ್ತದ ನೋಡು" ಅಂದ್ರು. ಸುತ್ತ ಎಲ್ಲಾ ಬಯಲೇ ಬಯಲು. ನಮ್ಮನಿಯವರು ಗಂಟಲು ಸರಿ ಮಾಡ್ಕೊಂಡು "ಅವ್ವಾ" ಅನ್ನೂದಕ್ಕೂ ಧೋ ಅಂತ ಮಳಿ ಬರೂದಕ್ಕೂ ಸರಿಹೋತು. ನಾವಿಬ್ಬರೂ ಡಬ್ಬಿ ಎತ್ತಿಕೊಂಡು ರಸ್ತೆ ಬಾಜೂಕಿನ ಬೇವಿನ ಗಿಡದ ಕೆಳಗ ಓಡಿದ್ವಿ. ತಿರುಗಿ ನೋಡ್ತೀವಿ, ಅತ್ತಿ ಅಲ್ಲೇ ಕುಂತಾರ! ತಲಿ ಮ್ಯಾಲೆ ಸೆರಗು, ಸುತ್ತಲೂ ಸುಣ್ಣ ಕರಗಿ ಹಾಲಿನಂಗ ಹರ್ಯಾಕತ್ತದ.

"ಅತ್ತಿಯವರ, ತೊಯ್ತೀರಿ, ಈ ಕಡಿ ಬರ್ರಿ!" ಅಂತ ಕೂಗ್ದೆ.

"ನಾ ಯಾಕ ಬರ್ಲಿ? ನೀವೇ ಹೊರಗ ನಿಂತೀರಿ!" ಅಂತ ಅಲ್ಲಿಂದಲೇ ಜಬರಿಸಿದ್ರು. "ಸ್ವಂತ ಮನಿ ಇಟ್ಕೊಂಡು ಮಂದಿ ಗಿಡದ ಕೆಳಗ ನಿಂದರ್ತೀರಲ್ಲ, ನೋಡಿದವರು ಏನಂದಾರು? ಒಳಗ ಬರ್ರಿ!"

ಗಿಡದ ಕೆಳಗ ಬೆಚ್ಚಗ ನಿಂತಿದ್ದ ನಾವಿಬ್ಬರೂ ಮುಖಾ ಮುಖಾ ನೋಡ್ಕೊಂಡ್ವಿ. ನಮ್ಮನಿಯವರು ಚಪ್ಲಿ ಕಳದ್ರು, ನಾನೂ ಕಳದೆ. ಒಳಗ ಹೋಗಿ, ಅತ್ತಿ ಬಾಜೂಕ ಕುಂತು, ತೊಯ್ದು ತೊಪ್ಪಿ ಆದ್ವಿ. ಅತ್ತಿ ತಮ್ಮ ಸೆರಗಿನಿಂದ ಮಗನ ತಲಿ ಒರಸಾಕತ್ರು.

ನಮ್ಮನಿಯವರು ನನ್ನ ಕಿವಿಯಾಗ ಕೇಳಿದ್ರು, "ಈಗ ಹೇಳ್ಲೇನು?"

ನಾ ಅಂದೆ, "ಮನಿಯೊಳಗ ಬ್ಯಾಡ್ರೀ. ಹೊರಗ ಹೋದಮ್ಯಾಲೆ ಹೇಳ್ರಿ."