ಕಣಿವೆಯ ತುಂಬ ಕೆಂಪು ಸ್ವೆಟರ್

ಭಾವ ಆ ಬೆಳಿಗ್ಗೆ "ನಾವೂ ಬರ್ತೀವಿ" ಎನ್ನದೆ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ನಮ್ಮ ಫೋಟೋಗ್ರಾಫರ್ ಪ್ರವಾಸಿ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ. ಅಷ್ಟೇ ವರ್ಷದಿಂದ ಅಕ್ಕನ ಬಾಡಿಗೆ ಮನೆಯ ಉಗ್ರಾಣದಲ್ಲಿ, ಹಳೆ ಟ್ರಂಕುಗಳ ಮತ್ತು ಭಾವನ ಉಪದೇಶಗಳ ನಡುವೆ ಅವನ ಹಾಸಿಗೆ. ಈಗ ಪ್ರಚಾರಕ್ಕೆಂದು ಒಂದು ಕಾಯಂ ಹುದ್ದೆ ಬಂದಿತ್ತು, ಜೊತೆಗೆ ಎರಡು ಕೋಣೆಯ ಕ್ವಾರ್ಟರ್ಸು. ಕಣಿವೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ಚಿತ್ರದಲ್ಲಿ ಹಿಡಿದು ಸಂಜೆ ನಾಲ್ಕರೊಳಗೆ ತಂದರೆ ಹುದ್ದೆ ನಿನ್ನದೇ ಎಂದಿದ್ದರು ಸಾಹೇಬರು.

ಅಂಥ ಚಿತ್ರ ಒಂದೇ ಏಟಿಗೆ ಸಿಕ್ಕುವುದಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಎಡದಿಂದ ಬಲಕ್ಕೆ ಚೂರುಚೂರೇ ತಿರುಗಿಸುತ್ತ ಹನ್ನೆರಡು ಫೋಟೋ ತೆಗೆದು, ಆಮೇಲೆ ಕೌದಿಯಂತೆ ಜೋಡಿಸಬೇಕು. ಮೊದಲನೆಯದು ಚೆನ್ನಾಗಿ ಬಂತು. ಎರಡನೆಯದರಲ್ಲಿ ಭಾವ ಬಂದರು.

"ಭಾವ, ಅಡ್ಡ ನಿಂತಿದೀರಾ!"

"ಅಡ್ಡ ಎಲ್ಲೋ? ಬಂಡೆ ತೋರಿಸ್ತಿದೀನಿ. ನೀನು ಬಿಟ್ಟುಬಿಡೋ ಪೈಕಿ."

"ಎಡಕ್ಕೆ ಸರೀರಿ, ಎಡಕ್ಕೆ!"

ಭಾವ ನಿವೃತ್ತ ಡ್ರಿಲ್ ಮಾಸ್ತರು. ಕ್ಯಾಮೆರಾಕ್ಕೆ ಎದೆಗೊಟ್ಟು ನಿಂತು, ಕವಾಯತಿನ ಶಿಸ್ತಿನಲ್ಲಿ, ತಮ್ಮ ಎಡಕ್ಕೆ ನಾಲ್ಕು ಹೆಜ್ಜೆ ಹಾಕಿದರು. ಅದು ಕ್ಯಾಮೆರಾದ ಬಲ. ಅಂದರೆ ಮುಂದಿನ ಫೋಟೋದ ನಟ್ಟನಡುವೆ.

"ಎಡಕ್ಕೆ ಅಂದ್ನಲ್ಲ ಭಾವ!"

"ಇನ್ನೂ ಎಡಕ್ಕಾ? ಸರಿ."

ಹಿಂದೆಯೇ ಅಕ್ಕ, "ರೀ, ಚಳಿ, ಮಫ್ಲರ್ ಸುತ್ಕೊಳ್ಳಿ" ಎಂದು ಓಡಿದಳು. ಇಬ್ಬರ ಮೈಮೇಲೂ ಅವಳೇ ಹೆಣೆದ ಕೆಂಪು ಸ್ವೆಟರು. ಕೆಳಗಿನಿಂದ ಮಂಜು ಹಾಲುಕ್ಕಿದಂತೆ ಏರಿ ಬರುತ್ತಿತ್ತು, ಫೋಟೋ ತೆಗೆಯುವುದನ್ನು ನಿಲ್ಲಿಸುವಂತಿರಲಿಲ್ಲ. ಅವನು "ಎಡಕ್ಕೆ" ಎಂದು ಅರಚುತ್ತ ಗುಂಡಿ ಒತ್ತುತ್ತ ಹೋದ. ಹನ್ನೆರಡನೆಯದು ಮುಗಿಯುವುದಕ್ಕೂ ಮಂಜು ಕಣಿವೆಯನ್ನು ನುಂಗುವುದಕ್ಕೂ ಸರಿಹೋಯಿತು.

ಕಚೇರಿಯ ಕಂಪ್ಯೂಟರಿನಲ್ಲಿ ಹನ್ನೆರಡನ್ನೂ ಜೋಡಿಸಿ ನೋಡಿದ. ಅಜ್ಜಿ ಕತೆಯ ರಾಕ್ಷಸನ ಒಂದೊಂದು ಹನಿ ರಕ್ತಕ್ಕೂ ಇನ್ನೊಬ್ಬ ರಾಕ್ಷಸ ಏಳುವಂತೆ, ಬೆಟ್ಟದುದ್ದಕ್ಕೂ ಭಾವಂದಿರು ಎದ್ದಿದ್ದರು.

ಟೈಪಿಸ್ಟ್ ಬಗ್ಗಿ ಎಣಿಸಿದ. "ಹನ್ನೊಂದು ಭಾವ, ಹತ್ತು ಅಕ್ಕ. ಗಟ್ಟಿ ಕಣ್ರೀ ನೀವು. ನಂಗೆ ಇರೋ ಒಬ್ಬ ಭಾವನ್ನೇ ತಡಕೊಳ್ಳಕ್ಕಾಗಲ್ಲ."

ಒಬ್ಬ ಭಾವನನ್ನು ಅಳಿಸಿದರೆ ಬೆಟ್ಟಕ್ಕೇ ತೂತು ಬಿತ್ತು. ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಇದ್ದದ್ದನ್ನೇ ಅಚ್ಚು ಹಾಕಿಸಿ ಒಯ್ದ.

ಸಾಹೇಬರು ಕನ್ನಡಕ ಏರಿಸಿದರು. "ಅಬ್ಬಾ, ಎಷ್ಟು ಜನರೀ! ಎಲ್ಲರದೂ ಕೆಂಪು ಸ್ವೆಟರು. ಯಾವುದೋ ಸಂಘದವರು ಬಂದಿದ್ರಾ?"

ನಿಜ ಹೇಳಿದರೆ ಫೋಟೋ ಕೆಟ್ಟಿದೆ ಎಂದು ತಾನೇ ಒಪ್ಪಿಕೊಂಡಂತೆ. "ಹೂಂ ಸಾರ್" ಎಂದುಬಿಟ್ಟ.

"ಹೇಳದೆ ಕೇಳದೆ ಇಷ್ಟು ಜನ ಬರ್ತಿರೋವಾಗ ಪ್ರಚಾರ ಯಾಕ್ರೀ? ಆ ಹುದ್ದೆ ಬೇಡ. ಜನರನ್ನ ಹದ್ದುಬಸ್ತಿನಲ್ಲಿ ಇಡೋಕೆ ಒಬ್ಬರು ಬೇಕು. ಕ್ವಾರ್ಟರ್ಸೂ ಅವರಿಗೇ ಹೋಗಲಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು. "ಕಾಯಂ ಆಯ್ತೇನೋ?" ಎನ್ನುತ್ತ ಭಾವ ಬಂದರು.

ಸಾಹೇಬರು ಸ್ವೆಟರನ್ನು ನೋಡಿದರು, ಚಿತ್ರವನ್ನು ನೋಡಿದರು. "ಓಹೋ, ನೀವೂ ಈ ಗುಂಪಿನವರೇ! ಇವರೆಲ್ಲ ನಿಮ್ಮ ಮಾತು ಕೇಳ್ತಾರಾ?"

ಭಾವ ಬಗ್ಗಿ ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಎದೆ ಉಬ್ಬಿತು. "ಇವರಾ? ನಾನು ನಿಲ್ಲು ಅಂದ್ರೆ ನಿಲ್ತಾರೆ ಸಾರ್, ಕೂರು ಅಂದ್ರೆ ಕೂರ್ತಾರೆ. ಹೆಂಗಸರ ವಿಷಯ ಮಾತ್ರ ಹೇಳಕ್ಕಾಗಲ್ಲ."

ಸಂಜೆ ಆರಕ್ಕೆ ಅಕ್ಕ ಟ್ರಂಕುಗಳನ್ನು ಹೊರಗೆಳೆಯುತ್ತಿದ್ದಳು. "ಮುಖ ಯಾಕೋ ಹಾಗೆ ಮಾಡ್ಕೊಂಡಿದೀಯಾ? ನಿನ್ನ ಬೀದೀಲಿ ಬಿಟ್ಟು ಹೋಗ್ತೀವಾ? ಕ್ವಾರ್ಟರ್ಸಲ್ಲಿ ಉಗ್ರಾಣ ಇಲ್ಲ, ಆದ್ರೆ ಮೆಟ್ಟಿಲ ಕೆಳಗೆ ಜಾಗ ಇದೆಯಂತೆ."

"ಇರಲಿ ಬಿಡೇ, ನಮ್ಮ ಹುಡುಗ" ಎಂದರು ಭಾವ. ಆಮೇಲೆ ದನಿ ತಗ್ಗಿಸಿ, ಅಧಿಕಾರಿಯ ಗತ್ತಿನಲ್ಲಿ ಸೇರಿಸಿದರು: "ಒಂದೇ ಮಾತು ಕಣಪ್ಪಾ. ಇನ್ಮೇಲೆ ಕಣಿವೆ ಹತ್ರ ಆ ಕ್ಯಾಮೆರಾ ತರಬೇಡ. ನೀನು ಬಂದ್ರೆ ಜನ ಜಾಸ್ತಿ ಸೇರ್ತಾರೆ."