ಜರ್ಮನ್ ಪೆಟ್ಟಿಗೆಯ ಮಾನ

ಆಯುಧಪೂಜೆಯ ದಿನ ಸೊಸೆ ಯಾಮಿನಿ ಫೇಸ್‌ಬುಕ್ಕಿಗೆ ಹಾಕಿದ ಒಂದೇ ಒಂದು ಫೋಟೋ ರಾಮಾಂಜಿನಪ್ಪನ ಪ್ರಾಣಕ್ಕೆ ಬಂತು. ಕುಂಕುಮ, ಸೇವಂತಿಗೆ ಹೊತ್ತು ಕೂತ ಬೂದು ಬಣ್ಣದ ಜರ್ಮನ್ ಆಂಪ್ಲಿಫೈಯರಿನ ಫೋಟೋ ಅದು.

ಚಿಂತಾಮಣಿಯಲ್ಲಿ ‘ಜರ್ಮನ್ ಸೌಂಡ್ಸ್’ ಅಂದರೆ ಸಾಮಾನ್ಯವೇ? ಎಂದೋ ರೇಡಿಯೋ ಸ್ಟೇಷನ್ನಿನ ಹರಾಜಿನಲ್ಲಿ ಹಿಡಿದ ಆ ಪೆಟ್ಟಿಗೆಯಿಂದ ಮನುಷ್ಯ ‘ಜರ್ಮನ್ ರಾಮಾಂಜಿನಪ್ಪ’ ಆಗಿದ್ದ. ಅವನ ಮೈಕ್ ಸೆಟ್ಟು ಬಿಡುವಿದೆಯೇ ಎಂದು ಕೇಳಿಕೊಂಡೇ ಜನ ಮದುವೆಗೆ ಮುಹೂರ್ತ ಇಡಿಸುತ್ತಿದ್ದರು.

ಫೋಟೋ ನೋಡಿ ಜರ್ಮನಿಯಿಂದ ಡೀಟರ್ ಎಂಬಾತ ಹೊರಟೇಬಂದ. ಹಳೇ ರೇಡಿಯೋ ಸ್ಟೇಷನ್ನುಗಳ ಯಂತ್ರಗಳನ್ನು ಮತ್ತೆ ತಯಾರಿಸುವ ಪುಟ್ಟ ಕಂಪನಿ ಅವನದು. ಇವತ್ತು ಹನ್ನೊಂದಕ್ಕೆ ಬಂದು ಪೆಟ್ಟಿಗೆ ಬಿಚ್ಚಿ ನೋಡುತ್ತಾನಂತೆ.

ಬಿಚ್ಚಿದರೆ ಮುಗೀತು! ಒಳಗಿನ ಜರ್ಮನ್ ಮಾಲು ಹನ್ನೆರಡು ವರ್ಷದ ಹಿಂದೆಯೇ ಮಂಡಿಕಲ್ಲಿನ ಒಂದು ಮದುವೆಯಲ್ಲಿ ಸುಟ್ಟುಹೋಗಿತ್ತು. ಅಂದಿನಿಂದ ಒಳಗೆ ಕೂತು ಕೂಗುತ್ತಿದ್ದುದು ಬೆಂಗಳೂರಿನ ಲೋಕಲ್ ಮಾಲು. ಈ ಗುಟ್ಟನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಬೆಳಗ್ಗೆ ಎಂಟಕ್ಕೇ ಲೋಕಲ್ ಮಾಲನ್ನು ಕಿತ್ತು ಅಟ್ಟಕ್ಕೆಸೆದು, ಖಾಲಿ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ, ಹಿತ್ತಲಿನಿಂದ ನುಸುಳಿ ಗುಜರಿ ಅಂಗಡಿಯ ಬಷೀರ್ ಅಹಮದನ ಮುಂದೆ ಇಟ್ಟ.

“ಬಷೀರಣ್ಣ, ನನ್ ಮಾನ ನಿನ್ ಕೈಲೈತೆ. ಇದನ್ನ ಯಾರೂ ಗುರುತು ಹಿಡೀಬಾರ್ದು, ಹಂಗೆ ಮಾಡ್ಬಿಡಪ್ಪ.”

“ಫಿಕರ್ ಮಾಡ್ಬೇಡಿ ಅಣ್ಣ,” ಎಂದ ಬಷೀರ್.

ವಾಪಸ್ಸು ಬಂದರೆ ಇಡೀ ಬೀದಿ ಮನೆ ಮುಂದೆ ನೆರೆದಿತ್ತು. ಎದುರುಮನೆ ಅನಸೂಯಮ್ಮ ಮಾರುದ್ದ ರಂಗೋಲಿ ಬಿಟ್ಟು, “ಹೋದ ವರ್ಷ ನಮ್ ಹುಡುಗಿ ಮದುವೇಲಿ ಜರ್ಮನ್ ಸೆಟ್ಟೇ ಹಾಕ್ಸಿದ್ದು. ಬೀಗರು ಬಾಯ್ ಬಿಟ್ಕೊಂಡ್ ನಿಂತ್ಕೊಂಡ್ರು!” ಎಂದು ಸಾರುತ್ತಿದ್ದಳು. ಪಕ್ಕದ ಮನೆ ವೆಂಕಟರವಣಪ್ಪ ಎರಡು ಹಾರ ತಂದಿದ್ದ, ಅತಿಥಿಗೊಂದು, ಪೆಟ್ಟಿಗೆಗೊಂದು.

ಡೀಟರ್ ಬಂದ. ಹಾರ ಹಾಕಿಸಿಕೊಂಡು ಕೈಮುಗಿದ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಸುತ್ತ ನೋಡಿದ.

“ರಾತ್ರಿ... ಕಳ್ತನ ಆಗೋಯ್ತು ಸಾರ್,” ಎಂದು ರಾಮಾಂಜಿನಪ್ಪ ತೊದಲಿದ.

“ಕಳ್ತನಾನಾ?” ವೆಂಕಟರವಣಪ್ಪ ಎಗರಿದ. “ನಮ್ ಬಾಮೈದ ಪೊಲೀಸ್ ಸ್ಟೇಷನ್ನಲ್ಲೇ ಅವ್ನೆ. ಈಗ್ಲೇ ನಾಯಿ ಕರೆಸ್ತೀನಿ, ಇರು!”

ನಾಯಿ ಬಂದರೆ ನೆಟ್ಟಗೆ ತನ್ನ ಹಿತ್ತಲಿಗೇ ಬರುತ್ತದೆ. ರಾಮಾಂಜಿನಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಕಕ್ಕಿಬಿಟ್ಟ. “ಅಯ್ಯೋ ದೇವುಡಾ, ನಾಚ್ಕೆ ಆಗ್ತೈತೆ ಸಾರ್. ಒಳಗಡೆ ಹನ್ನೆರಡು ವರ್ಷದಿಂದ ಇದ್ದಿದ್ದು ಲೋಕಲ್ಲು.”

ಯಾಮಿನಿ ಅದನ್ನು ಅತಿಥಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಡೀಟರ್ ಹೊಟ್ಟೆ ಹಿಡಿದುಕೊಂಡು ನಕ್ಕು, ಅವಳಿಗೆ ಏನೋ ಹೇಳಿದ.

“ಮಾವಾ, ಒಳಗಿನ ಮಾಲು ಅವರೇ ಹೊಸದಾಗಿ ಮಾಡ್ತಾರಂತೆ! ಆ ಕಾಲದ ಪೆಟ್ಟಿಗೆ ಮಾತ್ರ ಎಲ್ಲೂ ಸಿಗಲ್ವಂತೆ. ಖಾಲಿ ಪೆಟ್ಟಿಗೆ ಕೊಟ್ರೂ ಸಾಕು, ಬದಲಿಗೆ ಅಸಲಿ ಜರ್ಮನ್ ಸೆಟ್ಟೇ ಕೊಡ್ತಾರಂತೆ!”

ರಾಮಾಂಜಿನಪ್ಪ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಬಷೀರ್ ಸುತ್ತಿಗೆ ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಮುಂದೆ ಬೂದು ತಗಡಿನ ಚೂರುಗಳ ಗುಡ್ಡೆ.

“ನೋಡಿ ಅಣ್ಣ, ಮಾನದ ಪ್ರಶ್ನೆ ಅಂದ್ರಲ್ಲ, ಬೇರೆ ಕೆಲ್ಸ ಎಲ್ಲಾ ಬಿಟ್ಟು ಹೊಡ್ದೆ. ಇನ್ನು ಮಾಡಿದೋನೇ ಬಂದ್ರೂ ಗುರುತು ಹಿಡಿಯಲ್ಲ.”

ಒಂದು ಚೂರು ಹಿಡಿದು ಕಾಲೆಳೆದುಕೊಂಡು ಮನೆಗೆ ಬಂದಾಗ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ಅನಸೂಯಮ್ಮ ನಿಂತಿದ್ದಳು.

“ಜರ್ಮನಿಯೋರ ಮಾತು ಆಮೇಲಾಗ್ಲಿ, ರಾಮಾಂಜಿನಪ್ಪ. ಸುದ್ದಿ ಆಗ್ಲೇ ಮುಟ್ಟಿ ನಮ್ ಬೀಗರು ಫೋನ್ ಮಾಡವ್ರೆ. ನಮ್ ಹುಡುಗಿ ಮದುವೇಲಿ ಕೂಗಿದ್ದು ಯಾವ್ ಊರಿಂದು ಅಂತ ನೀನೇ ಹೇಳು, ತಗೋ,” ಎಂದು ಮೊಬೈಲನ್ನು ಅವನ ಕಿವಿಗೆ ಹಿಡಿದಳು.