ಜಪಾನಿ ಹೋಟೆಲಿನ ವಿಜಾಪುರ ಶಾಖೆ

ಗಂಡಸು ಒಲೆಯ ಮುಂದೆ ಕೂತು ಪೇಪರ್ ಓದಬಾರದು. ಓದಿದರೂ ಮನಸ್ಸಿನಲ್ಲೇ ಓದಿಕೊಳ್ಳಬೇಕು. ಈ ವಿವೇಕ ನನಗೆ ಬೆರಳು ಸುಟ್ಟುಕೊಂಡ ಮೇಲೆ ಬಂತು. ಕಚೇರಿಯಲ್ಲಿ ಸಾಹೇಬರು ಓದಿ ಬಿಟ್ಟ ಪೇಪರನ್ನು ಮನೆಗೆ ತಂದು, ಹೆಂಡತಿ ರೊಟ್ಟಿ ಬಡಿಯುವ ಸದ್ದಿನ ನಡುವೆ ಗಟ್ಟಿಯಾಗಿ ಓದುವುದು ನನ್ನ ಚಟ. ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆಮನೆಯೇ ಊಟದ ಮನೆಯಾದ್ದರಿಂದ ಪಾಪ, ಆಕೆಗೆ ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. ಅಂದು ಓದಿದ್ದು ಜಪಾನಿನ ಒಂದು ದುಬಾರಿ ಹೋಟೆಲು ಅಮೆರಿಕದಲ್ಲಿ ಶಾಖೆ ತೆರೆದ ಸುದ್ದಿ. ಗಿರಾಕಿಗಳು ದೊಡ್ಡ ಕಬ್ಬಿಣದ ಹಂಚಿನ ಸುತ್ತ ಕೂಡುತ್ತಾರಂತೆ, ಅಡುಗೆಯವನು ಅವರ ಕಣ್ಣೆದುರೇ ಬೇಯಿಸಿ ಬಡಿಸುತ್ತಾನಂತೆ. ಅಲ್ಲಿಯ ಒಂದು ಊಟದ ದುಡ್ಡಿನಲ್ಲಿ ನಮ್ಮಂಥವರ ಮನೆ ತಿಂಗಳು ನಡೆದೀತು. "ಇದರಾಗೇನೈತಿ? ನಾ ದಿನಾ ಹಂಚಿನ ಮುಂದ ಕೂತು ಪುಕ್ಕಟ ಉಣ್ತೀನಿ" ಎಂದು ನಕ್ಕೆ.

ರೊಟ್ಟಿ ಬಡಿಯುವ ಸದ್ದು ನಿಂತಿತು. "ಅಲ್ಲೆ ಬೇಯಸಾಂವ ಗಂಡಸೇನ್ರಿ?" ಎಂದಳು ಶಾಂತಾ.

"ಹೂಂ, ಚಿತ್ರ ಐತಿ ನೋಡು."

ಚಿತ್ರದಲ್ಲಿ ಉದ್ದ ಟೋಪಿಯ ಗಂಡಸು ನಿಂತು ಬೇಯಿಸುತ್ತಿದ್ದ. ಎದುರಿಗೆ ಹೆಂಗಸರು ಆರಾಮಾಗಿ ಕೂತು ತಿನ್ನುತ್ತಿದ್ದರು. ಆಕೆ ಅದನ್ನು ನೋಡಿದ ರೀತಿಗೇ ನಾನು ಪೇಪರ್ ಮಡಚತೊಡಗಿದೆ.

"ಐತವಾರ ನಮ್ಮ ಮನ್ಯಾಗೂ ಅದರ ಬ್ರಾಂಚ್ ತಗೀರಿ. ಲಗ್ನಾದಾಗಿಂದ ನಾ ಒಂದಿನಾನೂ ಬಿಸಿ ರೊಟ್ಟಿ ಉಂಡಿಲ್ಲ. ನಿಮ್ಮದೆಲ್ಲಾ ಮುಗದು ನಾ ಕೂಡುದ್ರಾಗ ಅದು ಹಪ್ಪಳ ಆಗಿರತೈತಿ."

ನಮ್ಮ ಕಡೆ ಗಂಡಸು ರೊಟ್ಟಿ ಬಡಿದ ಸುದ್ದಿ ಗಲ್ಲಿ ದಾಟಿ ಕಚೇರಿ ಮುಟ್ಟಲು ಎಷ್ಟು ಹೊತ್ತು? ಬೇಡಿಕೊಂಡೆ, ಸಿಟ್ಟಾದೆ, ಬೆನ್ನುನೋವು ಎಂದೆ. ಏನೂ ನಡೆಯಲಿಲ್ಲ. ರವಿವಾರ ಬಾಗಿಲಿಗೆ ಅಗಳಿ ಹಾಕಿ ಒಲೆಯ ಮುಂದೆ ಕೂಡುವಷ್ಟರಲ್ಲಿ ಬಬಲೇಶ್ವರದ ಬಸ್ಸಿಗೆ ಅತ್ತೆಯವರು ಬಂದು ಬಾಗಿಲು ಬಡಿದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹಿಟ್ಟು ಬಿರಿಯಿತು, ಹೊಗೆ ಕಣ್ಣಿಗೆ ಹೊಕ್ಕಿತು, ರೊಟ್ಟಿ ಹಳೆಯ ಚಪ್ಪಲಿಯ ಆಕಾರ ತಾಳಿತು. ಅತ್ತೆ ಮೊದಲು ಮಗಳನ್ನು ಬೈದರು: "ಅಳ್ಯಾನ್ನ ಒಲಿ ಮುಂದ ಕುಂಡ್ರಿಸೀದಿ ಅಲ್ಲ ಬೇ, ನಾಚಿಕಿ ಬರೂದಿಲ್ಲೇನ ನಿನಗ?" ಆಮೇಲೆ ಒಂದು ತುಂಡು ಬಾಯಿಗಿಟ್ಟು ನಿಧಾನ ಅಗಿದರು. ಮೆಲ್ಲಗೆ, "ಹಂಚಿನ ಮ್ಯಾಲಿಂದ ತಗದು ನನ್ನ ತಾಟಿಗೆ ಇಲ್ಲೀತನಕ ಯಾರೂ ಹಾಕಿರಲಿಲ್ಲ ಬೇ" ಎಂದರು. ನನಗೆ ನಿಜಕ್ಕೂ ಕೆಟ್ಟೆನಿಸಿತು. ಎರಡನೆಯದನ್ನು ಕೇಳದೆಯೇ ಹಾಕಿದೆ.

ಕೆಟ್ಟೆನಿಸಿದ್ದು ಸೋಮವಾರದ ತನಕ. "ಇನ್ನ ಪ್ರತಿ ಐತವಾರ" ಎಂದು ಶಾಂತಾ ಹೇಳಿದಾಗ ನಾನು ಉಪಾಯ ಹುಡುಕತೊಡಗಿದೆ. ಉಳಿದದ್ದು ಒಂದೇ ದಾರಿ: ರೊಟ್ಟಿ ಕೆಡಿಸುತ್ತಲೇ ಹೋದರೆ ಆಕೆಯೇ ಬೇಸತ್ತು ಶಾಖೆ ಮುಚ್ಚುತ್ತಾಳೆ. ಕೆಲವು ವಾರಗಳಲ್ಲಿ ಕೈ ಪಳಗಿತ್ತು, ಸುಳ್ಳೇಕೆ ಹೇಳಲಿ. ಆದರೂ ಬೇಕಂತಲೇ ತಣ್ಣೀರಿನಲ್ಲಿ ನಾದಿ, ಹಂಚಿಗೆ ಹಾಕುವಾಗ ಹರಿದು, "ನನ್ನ ಕೈಲೆ ಆಗೂದಿಲ್ಲ ಬಿಡು" ಎಂದು ನಿಟ್ಟುಸಿರು ಬಿಡುತ್ತಿದ್ದೆ. ಆಕೆಯೂ ಸೋಲುವ ಲಕ್ಷಣ ಕಾಣುತ್ತಿತ್ತು.

ಆಗ ಟಿಕೋಟದಿಂದ ನನ್ನ ಷಡ್ಡಕ, ಅಂದರೆ ಶಾಂತಾಳ ತಂಗಿಯ ಗಂಡ, ಬಂದ. ಶಾಂತಾ ಒಲೆಯ ಮೇಲೆ ಎಸರಿಟ್ಟು ನೀರು ತರಲು ಹೋಗಿದ್ದಳು. ಬಂದವನೇ ಬೆರಳಿನ ಬೊಬ್ಬೆ ತೋರಿಸಿದ. "ಅಣ್ಣಾರ, ನಮ್ಮ ಮನಿ ಹಾಳ ಮಾಡಿದ್ರಿ! ಅತ್ತಿಯವರು ಬಂದು ನಿಮ್ಮನ್ನ ಹೊಗಳಿ ಹೋಗ್ಯಾರ. ಈಗ ಟಿಕೋಟದಾಗೂ ಬ್ರಾಂಚ್ ಆಗೈತಿ. ಬಡ್ಯಾಕ ಹೋದ್ರ ಬರೇ ಬಿರಿತಾವ್ರಿ."

ಬಿರಿಯುತ್ತವೆ ಎಂದಾಗ ನನಗೆ ತಡೆಯಲಾಗಲಿಲ್ಲ. "ಬಿರೀದೇನ ಮಾಡತಾವೋ? ತಣ್ಣೀರು ಹಾಕಿರತಿ. ಕುದಿನೀರು ಹಾಕಿದ್ರ ಹಿಟ್ಟಿಗೆ ಜಿಗಿ ಬರತೈತಿ. ಕೈ ಹಗರ ಇರಬೇಕು. ಇಲ್ಲೆ ನೋಡು!" ಅಂಗಿಯ ತೋಳು ಮಡಚಿ ಕೂತೆ. ನಾದಿದೆ, ಬಡಿದೆ, ಹಂಚಿಗೆ ಹಾಕಿ ಮೇಲೆ ನೀರು ಸವರಿದೆ. ದುಂಡನೆಯ, ತೆಳ್ಳನೆಯ ರೊಟ್ಟಿ ಪೂರಿಯ ಹಾಗೆ ಉಬ್ಬಿ ನಿಂತಿತು. ಅಷ್ಟು ಹೆಮ್ಮೆ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ. "ಹೆಂಗೈತಿ?" ಎಂದು ತಿರುಗಿದೆ.

ಬಾಗಿಲಲ್ಲಿ ಕೊಡ ಹೊತ್ತು ಶಾಂತಾ ನಿಂತಿದ್ದಳು. ಕೊಡ ಇಳಿಸಿ, ಮಣೆ ಎಳೆದುಕೊಂಡು ಹಂಚಿನ ಮುಂದೆ ಕೂತು, ತಾಟನ್ನು ನನ್ನ ಕಡೆಗೆ ಸರಿಸಿದಳು. ಅಂದು ರವಿವಾರವೂ ಆಗಿರಲಿಲ್ಲ.